ಶಿವ ಗಡಿಯಾಚೆ, ನಂದಿ ಗಡಿಯೀಚೆ

ಚಿಕ್ಕೋಡಿ ತಾಲೂಕಿನ ಯಡೂರಿಗೆ ಜನ ಬರುವುದು ವೀರಭದ್ರನ ದರ್ಶನಕ್ಕೆ. ದಕ್ಷಯಜ್ಞ ನಡೆದದ್ದು ಇಲ್ಲೇ ಎಂಬುದು ಈ ಸೀಮೆಯ ನಂಬಿಕೆ. ಇದೇ ಊರಲ್ಲಿ ಒಬ್ಬ ನಂದಿಯೂ ಇದ್ದಾನೆ. ಅವನ ಒಡೆಯ ಇರುವುದು ಮಾತ್ರ ಗಡಿ ದಾಟಿ, ಮಹಾರಾಷ್ಟ್ರದ ಖಿದ್ರಾಪುರದಲ್ಲಿ!

ಅಲ್ಲಿನ ಕೋಪೇಶ್ವರ ಗುಡಿಯಲ್ಲಿ ನಂದಿಯೇ ಇಲ್ಲ. ತವರಿಗೆ ಹೊರಟ ದಾಕ್ಷಾಯಣಿಯನ್ನು ಶಿವ ನಂದಿಯ ಜೊತೆ ಕಳಿಸಿದನಂತೆ. ಅವಳೂ ಮರಳಲಿಲ್ಲ, ನಂದಿಯೂ ಮರಳಲಿಲ್ಲ. ಕೆರಳಿದ ಶಿವನನ್ನು ಸಮಾಧಾನಪಡಿಸಲು ಬಂದ ವಿಷ್ಣು ಅಲ್ಲೇ ನಿಂತ. ಹಾಗಾಗಿ ಗರ್ಭಗುಡಿಯಲ್ಲಿ ಎರಡು ಲಿಂಗಗಳು.

ಕಥೆಗಿಂತ ಕಲ್ಲು ಇನ್ನೂ ಬೆರಗಿನದು. ಶಿಲಾಹಾರರ ಕಾಲದ, ಹನ್ನೆರಡನೆಯ ಶತಮಾನದ ಈ ಗುಡಿಯ ಮುಂದೆ ಸ್ವರ್ಗಮಂಟಪವಿದೆ. 48 ಕಂಬಗಳು ಸುತ್ತುಸುತ್ತಾಗಿ ನಿಂತಿವೆ. ಚಾವಣಿಯ ನಡುವೆ ದುಂಡನೆಯ ಬಯಲು, ಅದರ ನೇರ ಕೆಳಗೆ ನೆಲದಲ್ಲಿ ಅಷ್ಟೇ ದುಂಡನೆಯ ಕಲ್ಲುಹಾಸು. ಆ ಕಲ್ಲಿನ ಮೇಲೆ ನಿಂತು ಕತ್ತೆತ್ತಿದೆ. ಒಳವರ್ತುಲದ ಹನ್ನೆರಡು ಕಂಬಗಳ ನಡುವೆ ಆಕಾಶ ಒಂದು ತಟ್ಟೆಯಷ್ಟಾಗಿ ಕಾಣುತ್ತದೆ. ಕಾರ್ತಿಕ ಹುಣ್ಣಿಮೆಯ ರಾತ್ರಿ ಚಂದ್ರ ಸರಿಯಾಗಿ ಈ ಕಿಂಡಿಯ ನೆತ್ತಿಗೆ ಬರುತ್ತಾನೆ. ಅದನ್ನು ನೋಡಲೆಂದೇ ಜನ ಸೇರುತ್ತಾರೆ. ಗುಡಿಯಲ್ಲಿ ಕನ್ನಡ ಶಾಸನಗಳಿವೆ. ನನ್ನ ಪಾಲಿಗೆ ಅವೂ ದರ್ಶನವೇ.

ಇತಿಹಾಸದ ಒಂದು ವಿಚಿತ್ರವೂ ಈ ನೆಲಕ್ಕೆ ಅಂಟಿದೆ. 1054ರ ಕೊಪ್ಪಂ ಕದನದಲ್ಲಿ ಚಾಲುಕ್ಯ ಸೋಮೇಶ್ವರನ ಸೇನೆ ಚೋಳ ರಾಜಾಧಿರಾಜನನ್ನು ಆನೆಯ ಮೇಲೆಯೇ ಕೊಂದಿತು. ಅಣ್ಣ ಸತ್ತ ಅದೇ ರಣರಂಗದಲ್ಲಿ ತಮ್ಮ ಎರಡನೇ ರಾಜೇಂದ್ರ ಕಿರೀಟ ಧರಿಸಿ ಯುದ್ಧ ಮುಂದುವರಿಸಿದ. ಆ ಕೊಪ್ಪಂ ನಮ್ಮ ಕೊಪ್ಪಳ ಎಂದು ಕೆಲವರು, ಖಿದ್ರಾಪುರವೇ ಎಂದು ಕೆಲವರು ವಾದಿಸಿದ್ದಾರೆ. ಕದನ ನಡೆದದ್ದು ದೊಡ್ಡ ಹೊಳೆಯ ದಂಡೆಯಲ್ಲಿ ಎನ್ನುತ್ತವೆ ಚೋಳ ಶಾಸನಗಳು. ಖಿದ್ರಾಪುರದಲ್ಲಿ ಕೃಷ್ಣೆಯ ದಡದ ಮೇಲೆ ನಿಂತಾಗ ಎರಡನೆಯ ವಾದಕ್ಕೇ ಮನಸ್ಸು ವಾಲುತ್ತದೆ.

ಈ ಸೀಮೆಯ ಮನುಷ್ಯರ ಕಥೆ ಇದಕ್ಕೂ ದೊಡ್ಡದು. ದಿಗಂಬರ ಜೈನ ಮುನಿ ಪರಂಪರೆ ಬಹುತೇಕ ಕ್ಷೀಣಿಸಿದ್ದಾಗ ಅದಕ್ಕೆ ಮರುಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು ನಿಪ್ಪಾಣಿ ಬಳಿಯ ಭೋಜದವರು. ದೇಶಭೂಷಣರು ಚಿಕ್ಕೋಡಿ ಸೀಮೆಯ ಕೋಥಳಿಯವರು, ವಿದ್ಯಾನಂದರು ಕಾಗವಾಡ ತಾಲೂಕಿನ ಶೇಡಬಾಳದವರು. 1946ರಲ್ಲಿ ಸದಲಗಾದಲ್ಲಿ ಹುಟ್ಟಿದ ವಿದ್ಯಾಸಾಗರರದು ಕನ್ನಡದ ಮನೆ. ಅವರು ಬರೆದ ಮಹಾಕಾವ್ಯ ‘ಮೂಕಮಾಟಿ’ ಹಿಂದಿಯಲ್ಲಿದೆ. ಇಡೀ ದೇಶ ಬರಿಗಾಲಲ್ಲಿ ತಿರುಗಿದ ಇಷ್ಟು ಜನ ಆಚಾರ್ಯರು ಒಂದೇ ದಿನದಲ್ಲಿ ಸುತ್ತಿ ಬರಬಹುದಾದ ಊರುಗಳಿಂದ ಹೊರಟವರು!

ಇದೇ ಸೀಮೆಯ ಅಥಣಿಯಲ್ಲಿ ಕೊಲ್ಹಾಪುರಿ ಚಪ್ಪಲಿ ಹೊಲಿಯುತ್ತಾರೆ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲು. ಮೊಳೆ ಇಲ್ಲ, ಹೊಲಿಗೆಗೂ ತೊಗಲಿನ ದಾರವೇ. ಇದರ ಜಿಐ ಮಾನ್ಯತೆ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಸೇರಿದ್ದು, ಬೆಳಗಾವಿ ಅದರಲ್ಲೊಂದು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಇಂಥದೇ ಚಪ್ಪಲಿಯನ್ನು ಮಿಲಾನಿನ ವೇದಿಕೆಗೆ ತಂದಾಗ ಮೂಲದ ಹೆಸರನ್ನೇ ಹೇಳಲಿಲ್ಲ. ಆಕ್ಷೇಪ ಎದ್ದ ಮೇಲೆ ಒಪ್ಪಿಕೊಂಡಿತು. ಅಥಣಿಗೆ ಹೋದವರು ದಯವಿಟ್ಟು ಹೊಲಿದವರ ಮನೆಬಾಗಿಲಲ್ಲೇ ಒಂದು ಜೊತೆ ಕೊಳ್ಳಿ, ಚೌಕಾಸಿ ಮಾಡಬೇಡಿ.