ಒಂದು ಗಂಟೆಯ ಉಪನ್ಯಾಸ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಉಪಾಧ್ಯಾಯಿನಿಯರಾಗಿರುವುದರಿಂದ, ಉದ್ಯೋಗಾರ್ಥವಾಗಿ ನಾನು ಸಿದ್ಧಪಡಿಸಿದ ಒಂದು ಉಪನ್ಯಾಸದ ಸಂಗತಿಯನ್ನು ಇಲ್ಲಿ ಬರೆಯುವುದು ಅನುಚಿತವಾಗಲಾರದೆಂದು ನಂಬಿದ್ದೇನೆ.

ಗಣಿತಶಾಸ್ತ್ರದಲ್ಲಿ ಅಧ್ಯಾಪಕ ಪದವಿಯನ್ನು ಬಯಸುವವರು ಆ ವಿಭಾಗದವರೆಲ್ಲರ ಮುಂದೆ ಸುಮಾರು ಒಂದು ಗಂಟೆಯ ಕಾಲ ತಮ್ಮ ಸಂಶೋಧನೆಯನ್ನು ವಿವರಿಸಬೇಕು. ಕೇಳುವವರೆಲ್ಲರೂ ಗಣಿತಜ್ಞರೇ, ಆದರೂ ಬೀಜಗಣಿತದವರಿಗೆ ಸಂಭಾವ್ಯತಾಶಾಸ್ತ್ರದವರ ಪರಿಭಾಷೆ ಅಷ್ಟಾಗಿ ತಿಳಿಯದು. ಬೇರೊಂದು ಊರಿನಲ್ಲಿ ಮೊದಲ ಸಲ ಮಾತನಾಡಿದಾಗ ನಾನು ಇದನ್ನು ಮರೆತು, ಹತ್ತು ನಿಮಿಷಗಳೊಳಗೇ ಹಲಗೆಯ ತುಂಬ ಚಿಹ್ನೆಗಳನ್ನು ಬರೆದೆನು. ಮುಂದಿನ ಸಾಲಿನ ಹಿರಿಯರೊಬ್ಬರು ಗಡಿಯಾರವನ್ನು ನೋಡಿಕೊಂಡರು. ಕೊನೆಯಲ್ಲಿ ಒಬ್ಬರಾದರೂ ಪ್ರಶ್ನೆ ಕೇಳಲಿಲ್ಲ. ಆ ಕೆಲಸವು ನನಗೆ ದೊರೆಯಲಿಲ್ಲ. ದೋಷವನ್ನೆಲ್ಲ ಕೇಳಿದವರ ಮೇಲೆಯೇ ಹೊರಿಸಿ ಬಹುದಿನ ಸಮಾಧಾನಪಟ್ಟುಕೊಂಡೆನೆಂಬುದನ್ನೂ ಒಪ್ಪಿಕೊಳ್ಳಬೇಕು.

ಎರಡನೆಯ ಕರೆ ಬಂದಾಗ, ರಾಜಾಜಿನಗರದ ನಮ್ಮ ಮನೆಯಲ್ಲಿ ತಾಯಿಯವರನ್ನು ಕುಳ್ಳಿರಿಸಿಕೊಂಡು ಅಭ್ಯಾಸ ಮಾಡತೊಡಗಿದೆನು. ಅವರೂ ಇದೇ ಶಾಲೆಯ ವಿದ್ಯಾರ್ಥಿನಿ, ಎಸ್.ಎಸ್.ಎಲ್.ಸಿ. ಮುಗಿದೊಡನೆ ಮದುವೆಯಾಗಿ ಅವರ ಓದು ಅಲ್ಲಿಗೇ ನಿಂತಿತು. ಚಿಹ್ನೆಗಳನ್ನು ಬದಿಗಿಟ್ಟು ನಾನು ಹೀಗೆ ಹೇಳಿದೆನು: ಒಬ್ಬನು ಮನೆಯಿಂದ ಹೊರಟು, ಪ್ರತಿಯೊಂದು ಕ್ರಾಸಿನಲ್ಲಿಯೂ ನಾಲ್ಕು ದಿಕ್ಕುಗಳಲ್ಲಿ ಒಂದನ್ನು ಚೀಟಿ ಎತ್ತಿದಂತೆ ಆರಿಸಿಕೊಂಡು ನಡೆಯುತ್ತಾನೆ. ಬೀದಿಗಳಿಗೆ ಕೊನೆಯೇ ಇಲ್ಲದಿದ್ದರೂ ಅವನು ನಿಶ್ಚಯವಾಗಿ ಮನೆಗೆ ಮರಳುವನೆಂದು ಜಾರ್ಜ್ ಪೋಲ್ಯಾ ಎಂಬ ವಿದ್ವಾಂಸರು 1921ರಲ್ಲಿ ಸಾಧಿಸಿದರು. ಮೇಲಕ್ಕೂ ಕೆಳಕ್ಕೂ ಹೋಗಲು ಅವಕಾಶವಿದ್ದರೆ ಮಾತ್ರ ಮರಳುವ ಸಂಭವ ನೂರಕ್ಕೆ ಸುಮಾರು 34 ಅಷ್ಟೇ. ಜ್ಯೂರಿಕ್ ನಗರದ ಬಳಿ ಅಡ್ಡಾಡುತ್ತಿದ್ದಾಗ, ಭಾವೀ ಪತ್ನಿಯೊಡನೆ ತಿರುಗಾಡುತ್ತಿದ್ದ ವಿದ್ಯಾರ್ಥಿಯೊಬ್ಬನು ಮತ್ತೆ ಮತ್ತೆ ಎದುರಾಗಿ, ತಮಗೆ ಸಂಕೋಚವಾದುದರಿಂದ ಈ ಪ್ರಶ್ನೆ ಹುಟ್ಟಿತೆಂದು ಪೋಲ್ಯಾರವರೇ ಹೇಳಿಕೊಂಡಿದ್ದಾರೆ.

ತಾಯಿಯವರು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ, "ಬಂದೇ ಬರುತ್ತಾನೆ, ಸರಿ. ಎಷ್ಟು ಹೊತ್ತಿಗೆ ಬರುತ್ತಾನೆ ಹೇಳು ಮಗಳೇ, ಅನ್ನ ಆರಿಹೋಗುತ್ತದಲ್ಲ?" ಎಂದರು.

ನಾನು ಬೆರಗಾದೆನು. ಮರಳುವುದು ನಿಶ್ಚಯವಾದರೂ, ಕಾಯಬೇಕಾದ ಕಾಲದ ಸರಾಸರಿಗೆ ಮಿತಿಯೇ ಇಲ್ಲ! ಅಲ್ಲಲ್ಲಿ ಬೀದಿಗಳು ಮುಚ್ಚಿದ್ದರೆ ಈ ಕಾಯುವಿಕೆ ಹೇಗಾಗುವುದೆಂಬುದೇ ನನ್ನ ಸಂಶೋಧನೆ. (ಬೀದಿ ಅಗೆಯುವವರ ದಯೆಯಿಂದ ನಮ್ಮ ಬಡಾವಣೆಯಲ್ಲಿ ಉದಾಹರಣೆಗಳಿಗೆ ಕೊರತೆಯಿಲ್ಲ.) ಆ ಮಾತನ್ನು ನಾನು ನಲವತ್ತನೆಯ ನಿಮಿಷಕ್ಕೆ ಇಟ್ಟಿದ್ದೆನು. ಅಂದೇ ಅದನ್ನು ಮೂರನೆಯ ನಿಮಿಷಕ್ಕೆ ತಂದೆನು.

ಮೈಸೂರು ರಸ್ತೆಯಲ್ಲಿ, ಕೆಂಗೇರಿಯ ದಾರಿಯಲ್ಲಿರುವ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಬೀಜಗಣಿತದ ವ್ಯಾಸಂಗ ಮಾಡುತ್ತಿರುವ ಗೆಳತಿಯೊಬ್ಬಳು ಮತ್ತೊಮ್ಮೆ ಕೇಳಿ, ಎರಡು ಸಾಧನೆಗಳನ್ನು ಬಿಟ್ಟುಬಿಡೆಂದಳು. ಮೂರು ವರ್ಷ ದುಡಿದು ಪಡೆದ ಸಾಧನೆಯನ್ನು ಒಂದು ವಾಕ್ಯದಲ್ಲಿ ಹೇಳಿ ದಾಟುವುದು ಬಹಳ ನೋವಿನ ಕೆಲಸ. ಒಂದನ್ನು ಬಿಟ್ಟೆನು, ಇನ್ನೊಂದನ್ನು ಬಿಡಲು ಮನಸ್ಸಾಗದೆ ಚಿತ್ರವೊಂದರಲ್ಲಿ ತೋರಿಸಿದೆನು.

ಉಪನ್ಯಾಸದ ದಿನ ಎರಡನೆಯ ನಿಮಿಷ ಮುಗಿಯುವಷ್ಟರಲ್ಲಿಯೇ ಹಿಂದಿನ ಸಾಲಿನಿಂದ ವೃದ್ಧ ಪ್ರಾಧ್ಯಾಪಕರೊಬ್ಬರು ಕೈಯೆತ್ತಿ, "ಎಷ್ಟು ಹೊತ್ತಿಗೆ?" ಎಂದು ಕೇಳಿದರು. ಅವರ ನಿರ್ಣಯವು ಇನ್ನೂ ಬಂದಿಲ್ಲ.