ಬಚ್ಚಲೊಲೆ ಕೆಡವಿ ಚಿಮಿನೇಯಾ ತಂದ ಕತೆ

ಆಸ್ಟಿನ್‌ಗೆ ಬಂದ ಮೊದಲ ಚಳಿಗಾಲದಲ್ಲೇ ಚಿಮಿನೇಯಾ ತಂದೆ. ಮೆಕ್ಸಿಕೋ ಕಡೆಯ ಮಣ್ಣಿನ ಅಗ್ಗಿಷ್ಟಿಕೆ ಅದು. ದಪ್ಪ ಹೊಟ್ಟೆ, ಮುಂದೊಂದು ಬಾಯಿ, ಮೇಲೆ ಹೊಗೆ ಹೋಗೋಕೆ ಉದ್ದ ಕತ್ತು. ಟೆಕ್ಸಾಸ್‌ನಲ್ಲಿ ಎಷ್ಟೋ ಮನೆಗಳ ಹಿತ್ತಲಲ್ಲಿ ಕಾಣುತ್ತೆ.

ತಂದ ದಿನವೇ ಟೀಮಿನವರನ್ನೆಲ್ಲ ಕರೆದೆ. ಕತ್ತಿನವರೆಗೂ ಸೌದೆ ತುಂಬಿ ಬೆಂಕಿ ಹಾಕಿದೆ. ಹತ್ತೇ ನಿಮಿಷ, 'ಟಪ್' ಅಂತ ಸದ್ದು. ಹೊಟ್ಟೆಯ ಉದ್ದಕ್ಕೂ ಬಿರುಕು.

ವೀಡಿಯೋ ಕಾಲ್‌ನಲ್ಲಿ ತೋರಿಸಿದರೆ ತೀರ್ಥಹಳ್ಳಿ ಕಡೆಯ ನಮ್ಮ ಅಮ್ಮ ನಕ್ಕಿದ್ದೇ ನಕ್ಕಿದ್ದು. "ಎಂತ ಮಾರಾಯ! ಹೊಸಾ ಮಡಕೆನ ಪಳಗಿಸ್ದೆ ಯಾರಾದ್ರೂ ಒಲೆ ಮೇಲೆ ಇಡ್ತಾರೇನೋ? ಇಂಜಿನಿಯರಿಂಗ್‌ನಲ್ಲಿ ಇಷ್ಟೂ ಹೇಳ್ಕೊಡ್ಲಿಲ್ವಾ?"

ಎರಡನೆಯದನ್ನು ಅಮ್ಮ ಹೇಳಿದ ಹಾಗೇ ಆರಿಸಿದೆ. ಸಂತೆಯಲ್ಲಿ ಮಡಕೆ ನೋಡೋ ಹಾಗೆ ಬೆರಳಲ್ಲಿ ಬಡಿದು ನೋಡೋದು. 'ಠಣ್' ಅಂದ್ರೆ ಗಟ್ಟಿ, 'ಡಬ್' ಅಂದ್ರೆ ಎಲ್ಲೋ ಸೀಳಿದೆ. ಗೋಡೆ ಎಲ್ಲ ಕಡೆ ಒಂದೇ ದಪ್ಪ ಇರಬೇಕು. ಕತ್ತು ಹೊಟ್ಟೆಗೆ ಸೇರೋ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬೇಡ.

ತಂದಮೇಲೆ ಒಳಗೆ ಮರಳು ಸುರಿದೆ, ಬಾಯಿಯ ಅಂಚಿಗಿಂತ ಮೂರು ನಾಲ್ಕು ಇಂಚು ಕೆಳಗಿನವರೆಗೆ. ಕೆಂಡ ನೇರ ಮಣ್ಣಿಗೆ ತಾಗಬಾರದು. ಮೊದಲ ದಿನ ಬರೀ ಪುರಳೆಯ ಸಣ್ಣ ಬೆಂಕಿ. ಪೂರ್ತಿ ತಣ್ಣಗಾದ ಮೇಲೆ ಇನ್ನೊಂದು, ಸ್ವಲ್ಪ ದೊಡ್ಡದು. ಹೀಗೆ ಐದು ಸಲ ಆದಮೇಲೇ ಸೌದೆ, ಅದೂ ಚೆನ್ನಾಗಿ ಒಣಗಿದ್ದು. ಆರಿಸೋಕೆ ಯಾವತ್ತೂ ನೀರು ಹಾಕಬಾರದು, ಬಿಸಿ ಮಣ್ಣು ಒಡೆದುಹೋಗುತ್ತೆ. ತಾನಾಗೇ ಆರಲಿ, ಅವಸರ ಇದ್ರೆ ಮರಳು ಹಾಕಿ. ಮರದ ಡೆಕ್ ಮೇಲೆ ಇಡಬೇಡಿ, ಕೆಳಗೆ ಕಲ್ಲು ಅಥವಾ ಇಟ್ಟಿಗೆ ಇರಲಿ. ಗ್ಯಾರೇಜ್ ಒಳಗಂತೂ ಬೇಡವೇ ಬೇಡ, ಆ ಹೊಗೆಯಲ್ಲಿರೋ ಕಾರ್ಬನ್ ಮೋನಾಕ್ಸೈಡ್ ಜೀವ ತೆಗೆಯುತ್ತೆ. ಮಣ್ಣು ನೀರು ಕುಡಿಯುತ್ತೆ. ಹಾಗಾಗಿ ಮಳೆ ಬಂದ್ರೆ ಮುಚ್ಚಿಡಿ, ನೆನೆದಿದ್ರೆ ಒಣಗೋವರೆಗೂ ಹಚ್ಚಬೇಡಿ.

ಈ ಸಲ ಬಿರುಕು ಬಿಡಲಿಲ್ಲ. ಖುಷಿಯಿಂದ ಅಮ್ಮಂಗೆ ತೋರಿಸಿದೆ. ಬೆಲೆ ಕೇಳಿದಳು. ರೂಪಾಯಿಯಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಂಕಿ ಕಾಯೋಕೆ ಅಷ್ಟು ದುಡ್ಡಾ?" ಅಂದಳು.

ನಂಗೆ ಉತ್ತರ ಹೊಳೀಲಿಲ್ಲ. ಯಾಕಂದ್ರೆ ಊರಿನ ಬಚ್ಚಲೊಲೆ ಕೆಡವಿಸಿದ್ದು ನಾನೇ. ಹೊಗೆ, ಮಸಿ, ಸೌದೆ ಹೊರೋ ಕಷ್ಟ ಅಮ್ಮಂಗೆ ಯಾಕೆ ಅಂತ ಸೋಲಾರ್ ಹಾಕಿಸಿದ್ದೆ. ಆಗ ಅವಳು ಹೇಳಿದ್ದು ಒಂದೇ ಮಾತು, "ನಿಂಗೆ ಸರಿ ಅನ್ಸಿದ್ರೆ ಮಾಡು." ನಾನದನ್ನು ಒಪ್ಪಿಗೆ ಅಂದುಕೊಂಡಿದ್ದೆ. ಮಳೆಗಾಲದ ಸಂಜೆ ಹಂಡೆ ಪಕ್ಕ ಮಣೆ ಹಾಕಿ ಕೂತು, ಹಲಸಿನ ಬೀಜ ಸುಡ್ತಾ, ಪಕ್ಕದ ಮನೆ ಅತ್ತೆ ಜೊತೆ ಮಾತಾಡ್ತಿದ್ದ ಜಾಗ ಅವಳಿಗೆ ಅದೊಂದೇ ಅನ್ನೋದು ನನ್ನ ಲೆಕ್ಕದಲ್ಲಿ ಬರಲೇ ಇಲ್ಲ. ನಮ್ಮೂರಲ್ಲಿ ಜೂನ್‌ನಿಂದ ಸೂರ್ಯನೇ ಕಾಣಲ್ಲ ಅನ್ನೋದೂ ಬರಲಿಲ್ಲ.

"ಅಮ್ಮಾ, ಮಳೆಗಾಲದಲ್ಲಿ ನೀರು ಬಿಸಿ ಆಗುತ್ತಾ?" ಅಂತ ಮೊದಲ ಸಲ ಕೇಳಿದೆ.

"ಎಲ್ಲಿ ಆಗುತ್ತೋ? ಗ್ಯಾಸ್ ಮೇಲೆ ಕಾಯಿಸ್ಕೋತೀನಿ."

ಡಿಸೆಂಬರ್‌ಗೆ ಟಿಕೆಟ್ ಮಾಡಿಸಿದೀನಿ. ಒಲೆ ಹಾಕೋರು ಯಾರಿದಾರೆ ಅಂತ ಅಮ್ಮ ಆಗಲೇ ವಿಚಾರಿಸ್ತಿದಾಳೆ. ಹಳೇ ಹಂಡೆಯನ್ನು ಮಾರದೆ ಕೊಟ್ಟಿಗೆ ಅಟ್ಟದ ಮೇಲೆ ಇಟ್ಟಿದ್ದಳಂತೆ. ಅದೂ ನಂಗೆ ಗೊತ್ತಿರಲಿಲ್ಲ.