ಎಲ್ಲವೂ ಒಂದೇ ಸೈಜು

ಕೋಯಂಬೇಡು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದಾಗ ರಾತ್ರಿ ಒಂಬತ್ತೂವರೆ. ಬೆಂಗಳೂರು ಬಸ್ಸು ಹನ್ನೊಂದಕ್ಕೆ. ಅಲ್ಲಿಂದ ತಿಪಟೂರು. ಮರುದಿನ ಅಪ್ಪನ ತಿಥಿ. ಆಫೀಸಿನ ಕೆಲಸ ಮುಗಿಸಿಯೇ ಹೊರಟಿದ್ದೆ. ‘43 ಫೈಲುಗಳೂ ಬಂದಿವೆ’ ಎಂದು ಟೀಮ್ ಲೀಡ್‌ಗೆ ಮೇಲ್ ಕೂಡ ಹಾಕಿದ್ದೆ. ಹೊತ್ತು ಹೋಗಲಿ ಅಂತ ಫೋಲ್ಡರ್ ನೋಡಿದೆ. 43 ಫೈಲುಗಳೂ ಒಂದೇ ಸೈಜು, ಆರು ಕೆಬಿ.

ಈ ಕೆಲಸದ ಪರಿಚಯವಿಲ್ಲದವರಿಗೆ ಎರಡು ಮಾತು. ಒಂದು ವೆಬ್ ಸರ್ವಿಸನ್ನು ಏನು ಕೇಳಬಹುದು, ಹೇಗೆ ಕೇಳಬೇಕು, ಯಾವ ವಿಳಾಸದಲ್ಲಿ ಕೇಳಬೇಕು ಎಂಬುದನ್ನೆಲ್ಲ ಎಕ್ಸ್‌ಎಂಎಲ್‌ನಲ್ಲಿ ಬರೆದಿಟ್ಟ ಫೈಲಿಗೆ ಡಬ್ಲ್ಯುಎಸ್‌ಡಿಎಲ್ ಅನ್ನುತ್ತಾರೆ. ಇದರ 1.1 ಆವೃತ್ತಿ ಬಂದದ್ದು 2001ರಲ್ಲಿ. ಹೊಸ ಹುಡುಗರು ಮೂಗು ಮುರಿಯುತ್ತಾರೆ, ಆದರೆ ಹಳೆಯ ವ್ಯವಸ್ಥೆಗಳಲ್ಲಿ ಇನ್ನೂ ಉಸಿರಾಡುತ್ತಿದೆ. ಸರ್ವಿಸಿನ ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಡಬ್ಲ್ಯುಎಸ್‌ಡಿಎಲ್ ಎಂದು ಸೇರಿಸಿದರೆ ಸಾಮಾನ್ಯವಾಗಿ ಫೈಲು ಸಿಗುತ್ತದೆ. ನಮ್ಮಲ್ಲಿ ಒಳಗಿನ ಸರ್ವರ್‌ಗಳು ಹೊರಗೆ ಕಾಣುತ್ತಿರಲಿಲ್ಲ, ಮುಂದೆ ಗೇಟ್‌ವೇ ಕೂತಿತ್ತು. ಆ ಹಳೆಯ ಗೇಟ್‌ವೇ ಅಂದು ರಾತ್ರಿ ಹನ್ನೆರಡಕ್ಕೆ ಬಂದ್.

ಒಂದು ಫೈಲು ತೆರೆದೆ. ಒಳಗಿದ್ದದ್ದು ಲಾಗಿನ್ ಪುಟ. ನನ್ನ ಲಾಗಿನ್ ಅವಧಿ ಮುಗಿದಿದ್ದರಿಂದ ಗೇಟ್‌ವೇ ಪ್ರತಿ ಸಲವೂ ಅದೇ ಪುಟ ಕೊಟ್ಟು, ಜೊತೆಗೆ 200 ಎಂಬ ಸಂಖ್ಯೆ ಕಳಿಸಿತ್ತು. ಅಂದರೆ, ಎಲ್ಲ ಸರಿಯಿದೆ. ನನ್ನ ಸ್ಕ್ರಿಪ್ಟು 200 ನೋಡಿ ಫೈಲು ಉಳಿಸಿಕೊಂಡಿತ್ತು, ಒಳಗೆ ಇಣುಕಿರಲಿಲ್ಲ. ಅಮ್ಮ ಫೋನಿನಲ್ಲಿ ಹೇಳುವುದೂ ಇದನ್ನೇ. ‘ಎಲ್ಲಾ ಚೆನ್ನಾಗಿದೆ ಕಣೋ, ರಜಾ ಸಿಗ್ಲಿಲ್ಲ ಅಂದ್ರೆ ಬಿಡು.’ ಹೋದ ವರ್ಷ ಅದನ್ನು ನಂಬಿ ತಿಥಿಗೆ ಹೋಗದೆ ಉಳಿದಿದ್ದೆ.

ತಪ್ಪನ್ನು ಗೇಟ್‌ವೇ ಮೇಲೆ ಹಾಕಬಹುದೇ ಎಂದು ಹತ್ತು ನಿಮಿಷ ಯೋಚಿಸಿದ್ದು ಸುಳ್ಳಲ್ಲ. ಆಮೇಲೆ ಲೀಡ್‌ಗೆ ಫೋನ್ ಮಾಡಿದೆ. ‘ಅಕ್ಕಾ, ನಾನು ಕಳಿಸಿದ ಮೇಲ್ ತಪ್ಪು’ ಎಂದು ನನ್ನ ಹರಕು ತಮಿಳಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎವ್ವಳವು ನೇರಂ ಇರುಕ್ಕು?’ ಅಂದರು. ಎಷ್ಟು ಹೊತ್ತಿದೆ ಅಂತ. ಬೈಗುಳ ಸೋಮವಾರಕ್ಕೆ ಇಟ್ಟುಕೊಂಡರು.

ಮತ್ತೆ ಲಾಗಿನ್ ಆದೆ. ಬಂದ ಫೈಲಿನ ಮೊದಲ ಟ್ಯಾಗು ‘ಡೆಫಿನಿಷನ್ಸ್’ ಅಲ್ಲದಿದ್ದರೆ ನಿಂತುಬಿಡು ಎಂದು ಸ್ಕ್ರಿಪ್ಟಿಗೆ ಹೇಳಿದೆ. ಈಗ ಫೈಲುಗಳು ಬಂದವು, ಆದರೆ ಬೇರೆ ತಕರಾರು. ಡಬ್ಲ್ಯುಎಸ್‌ಡಿಎಲ್ ಒಂಟಿ ಫೈಲಲ್ಲ. ‘ನನ್ನ ಸ್ಕೀಮಾ ಅಲ್ಲಿದೆ’ ಎಂದು ಇನ್ನೊಂದು ಫೈಲಿನತ್ತ ಕೈ ತೋರಿಸುತ್ತದೆ. ಇವು ತೋರಿಸುತ್ತಿದ್ದದ್ದು ಒಳಗಿನ ಸರ್ವರಿನ ಹೆಸರನ್ನು. ಆ ಹೆಸರು ಬಸ್ ಸ್ಟ್ಯಾಂಡಿನಲ್ಲಿ ಯಾರಿಗೆ ಗೊತ್ತು? ಅದರ ಜಾಗದಲ್ಲಿ ಗೇಟ್‌ವೇ ವಿಳಾಸ ಹಾಕಿ, ಸ್ಕೀಮಾಗಳನ್ನು ಒಂದೊಂದಾಗಿ ಎಳೆದು, ಫೈಲಿನೊಳಗೆ ನನ್ನ ಫೋಲ್ಡರಿನ ಹೆಸರು ಬರೆಯಬೇಕಾಯಿತು. ಮಾರ್ಕೆಟ್ ಕಡೆಯಿಂದ ಕೊತ್ತಂಬರಿ ವಾಸನೆ ಬರುತ್ತಿತ್ತು. ಕೋಲಾರದ ಟೊಮೆಟೊ ಲಾರಿಗಳೂ ಬರುವ ಹೊತ್ತು ಅದು.

ಹತ್ತು ಐವತ್ತಕ್ಕೆ 31 ಆಗಿತ್ತು. ‘ಹತ್ತಿ ಸಾರ್, ಒಳಗ್ ಕೂತ್ಕೊಂಡು ಕುಟ್ಟಿ’ ಅಂದರು ಕಂಡಕ್ಟರ್. ಮದುರವಾಯಲ್ ದಾಟುವಾಗ ನೆಟ್‌ವರ್ಕ್ ಹೋಯಿತು, ಬಂತು. 43ನೆಯದು ಇಳಿದಾಗ ಹನ್ನೆರಡಕ್ಕೆ ಎಂಟು ನಿಮಿಷ. ಒಂದೊಂದನ್ನೂ ತೆರೆದು ನೋಡಿ ಲೀಡ್‌ಗೆ ಎರಡನೇ ಮೇಲ್ ಹಾಕಿದೆ.

ಅಮ್ಮನಿಗೆ ಫೋನ್ ಮಾಡಿದೆ. ಇನ್ನೂ ಎದ್ದಿದ್ದಳು.

‘ಬಸ್ ಹತ್ತಿದ್ಯಾ?’

‘ಹತ್ತಿದೆ. ನಿನ್ನ ಮಂಡಿ ಹೇಗಿದೆ?’

‘ಚೆನ್ನಾಗಿದೆ ಕಣೋ.’

‘ಸರಿಯಾಗಿ ಹೇಳಮ್ಮ.’

ಸ್ವಲ್ಪ ಹೊತ್ತು ಬಸ್ಸಿನ ಸದ್ದು ಮಾತ್ರ.

‘ಮೆಟ್ಲು ಹತ್ತಕ್ಕಾಗ್ತಿಲ್ಲ. ಎರಡು ತಿಂಗ್ಳಾಯ್ತು’ ಅಂದಳು.